ಕಪ್ಪಾದ ಬಾಳೆಹಣ್ಣು, ಸುಟ್ಟ ಗೇರುಬೀಜ

ಬಾಳೆಗೊನೆಗೆ ಒಂದು ಕೆಟ್ಟ ಬುದ್ಧಿ ಇದೆ. ನಾಲ್ಕು ದಿನ ಹಸಿರಾಗೇ ನೇತಾಡಿಕೊಂಡಿದ್ದು, ಐದನೇ ದಿನ ಇಡೀ ಗೊನೆ ಒಟ್ಟಿಗೆ ಹಣ್ಣಾಗುತ್ತದೆ. ಕಾಸರಗೋಡಿನ ಬದಿಯಡ್ಕದ ನಮ್ಮ ಮನೆಯಲ್ಲಿ ಆಗ ಎರಡು ದಿನ ಬನ್ಸ್ (ಬಾಳೆಹಣ್ಣು ಕಲಸಿ ಎಣ್ಣೆಯಲ್ಲಿ ಕರಿದ ಪೂರಿ), ಒಂದು ದಿನ ಹಲ್ವ, ಉಳಿದದ್ದು ದನಕ್ಕೆ. ಆ ದನದ ಪಾಲಿನಿಂದ ಸ್ವಲ್ಪ ಕದ್ದು ನಾನು ಕೇಕ್ ಮಾಡುತ್ತೇನೆ. ಉದ್ದ ಟಿನ್ನಿನಲ್ಲಿ ಬೇಯಿಸುವುದರಿಂದ ಮಕ್ಕಳು ಬನಾನ ಬ್ರೆಡ್ ಅನ್ನುತ್ತಾರೆ. ಅತ್ತೆಗೆ ಅದು "ಎಣ್ಣೆಗೆ ಬೀಳದ ಬನ್ಸು".

ಸಿಪ್ಪೆ ಮುಕ್ಕಾಲು ಭಾಗ ಕಪ್ಪಾಗಿರಬೇಕು. ಹಳದಿ ಹಣ್ಣಿನಲ್ಲಿ ಪಿಷ್ಟ ಪೂರ್ತಿ ಸಕ್ಕರೆಯಾಗಿರುವುದಿಲ್ಲ, ಕೇಕ್ ಸಪ್ಪೆಯಾಗುತ್ತದೆ. ನೇಂದ್ರ ಆದರೆ ದೊಡ್ಡದು ಎರಡು, ನಡುವಿನ ಗಟ್ಟಿ ನಾರು ತೆಗೆದುಬಿಡಿ. ಮೈಸೂರೋ ಕದಳಿಯೋ ಆದರೆ ಐದಾರು. ಕೈಯಲ್ಲೇ ಹಿಸುಕಿದಾಗ ಒಂದು ಕಪ್ ಆಗಬೇಕು. ಮಿಕ್ಸಿ ಬೇಡ, ಅಂಟಂಟಾಗುತ್ತದೆ.

ಬೀಜಕ್ಕೆ ವಾಲ್‌ನಟ್ ಯಾಕೆ, ಗುಡ್ಡೆಯಲ್ಲಿ ಗೇರುಮರ ಇರುವಾಗ? ಬೇಸಿಗೆಯಲ್ಲಿ ಅಂಗಳದ ಮೂಲೆಯಲ್ಲಿ ಸುಟ್ಟು ಒಡೆದ ಗೇರುಬೀಜಕ್ಕೆ ಒಂದು ಹೊಗೆಯ ಪರಿಮಳ ಇರುತ್ತದಲ್ವಾ, ಅದು ಬೆಲ್ಲದ ಜೊತೆ ಬಹಳ ಹೊಂದುತ್ತದೆ. ಸುಡುವಾಗ ಮಾತ್ರ ದೂರ ನಿಲ್ಲಿ. ಸಿಪ್ಪೆಯ ಎಣ್ಣೆ ಸಿಡಿದರೆ ಚರ್ಮ ಬೊಕ್ಕೆ ಏಳುತ್ತದೆ. ಅಂಗಡಿಯ ಬೀಜವಾದರೆ ಕಾವಲಿಯಲ್ಲಿ ಕೆಂಪಗೆ ಹುರಿದು, ಆರಿದ ಮೇಲೆ ಒರಟಾಗಿ ಮುರಿಯಿರಿ. ಅರ್ಧ ಕಪ್ ಸಾಕು.

ಹಿಸುಕಿದ ಹಣ್ಣಿಗೆ ಮುಕ್ಕಾಲು ಕಪ್ ಬೆಲ್ಲದ ಪುಡಿ, ಅರ್ಧ ಕಪ್ ತೆಂಗಿನೆಣ್ಣೆ, ಕಾಲು ಕಪ್ ಹುಳಿ ಮೊಸರು, ನಾಲ್ಕು ಏಲಕ್ಕಿಯ ಪುಡಿ ಹಾಕಿ ಕದಡಿ. ಮೊಸರನ್ನು ಫ್ರಿಜ್ಜಿನಿಂದ ತೆಗೆದು ಹಾಗೇ ಸುರಿಯಬೇಡಿ. ತಣ್ಣಗಿದ್ದರೆ ತೆಂಗಿನೆಣ್ಣೆ ಗಟ್ಟಿಯಾಗಿ ಕಾಳುಕಾಳಾಗುತ್ತದೆ. ಬೇರೆ ಪಾತ್ರೆಯಲ್ಲಿ ಒಂದೂವರೆ ಕಪ್ ಮೈದಾ, ಒಂದು ಚಮಚ (ಟೀ ಚಮಚ) ಅಡುಗೆ ಸೋಡಾ, ಚಿಟಿಕೆ ಉಪ್ಪು ಜರಡಿ ಹಿಡಿಯಿರಿ.

ಈಗ ಓವನ್ ಹಚ್ಚಿ, 180 ಡಿಗ್ರಿಗೆ ಹತ್ತು ನಿಮಿಷ ಕಾಯಲಿ. ಆಮೇಲೆ ಎರಡನ್ನೂ ಸೇರಿಸಿ. ಹತ್ತು ಹನ್ನೆರಡು ಸಲ ಮಗುಚಿದರೆ ಮುಗಿಯಿತು. ಅಲ್ಲಲ್ಲಿ ಹಿಟ್ಟು ಬಿಳಿಯಾಗಿ ಕಂಡರೂ ಪರವಾಗಿಲ್ಲ. ಬನ್ಸಿನ ಹಿಟ್ಟು ನಾದಿ ಅಭ್ಯಾಸ ಆದವರ ಕೈ ಇಲ್ಲೇ ತಪ್ಪುವುದು. ನನ್ನ ಮೊದಲ ಕೇಕನ್ನು ನಾನು ಚೆನ್ನಾಗಿ ತಿರುವಿ ತಿರುವಿ ರಬ್ಬರ್ ಮಾಡಿದ್ದೆ. ನಮ್ಮೂರಲ್ಲಿ ರಬ್ಬರ್ ತೋಟಕ್ಕೆ ಏನೂ ಕಮ್ಮಿ ಇಲ್ಲ, ರಬ್ಬರ್ ಒಲೆಯಿಂದಲೂ ಬರಬೇಕಾಗಿರಲಿಲ್ಲ. ಕೊನೆಗೆ ಗೇರುಬೀಜ ಹಾಕಿ, ಒಂದು ಹಿಡಿ ಮೇಲೆ ಉದುರಿಸಲು ಉಳಿಸಿಕೊಳ್ಳಿ.

ಎಣ್ಣೆ ಸವರಿದ ಟಿನ್ನಿಗೆ ಸುರಿದು ತಕ್ಷಣ ಒಳಗಿಡಿ. ಮೊಸರಿನ ಹುಳಿ ತಾಗಿದ ಕೂಡಲೇ ಸೋಡಾ ಕೆಲಸ ಶುರು ಮಾಡುತ್ತದೆ, ಫೋನಲ್ಲಿ ಮಾತಾಡುತ್ತಾ ನಿಂತರೆ ಗಾಳಿಯೆಲ್ಲ ಹೋಗುತ್ತದೆ. ಐವತ್ತು ನಿಮಿಷದಿಂದ ಒಂದು ಗಂಟೆ. ಮೊದಲ ಅರ್ಧ ಗಂಟೆ ಬಾಗಿಲು ತೆಗೆಯಬಾರದು, ನಡು ಕುಸಿಯುತ್ತದೆ. ಮಳೆಗಾಲದಲ್ಲಿ ಕರೆಂಟು ಹೋದರೂ ತೆಗೆಯಬೇಡಿ. ಒಮ್ಮೆ ನಲವತ್ತನೇ ನಿಮಿಷಕ್ಕೆ ಹೋಗಿತ್ತು. ಮುಚ್ಚಿಟ್ಟ ಬಿಸಿಯಲ್ಲೇ ಹೇಗೋ ಬೆಂದಿತು, ಸ್ವಲ್ಪ ಒದ್ದೆ ಒದ್ದೆ ಅಷ್ಟೆ.

ಬೆಂದಿದೆಯಾ ನೋಡಲು ನಾನು ಹೊಸ ಹಿಡಿಸೂಡಿಯ (ಕಡ್ಡಿ ಪೊರಕೆಯ) ಕಡ್ಡಿ ತೊಳೆದಿಟ್ಟುಕೊಂಡಿದ್ದೇನೆ. ಎರಡು ಕಡೆ ಚುಚ್ಚಿ. ಒಂದೇ ಕಡೆ ಚುಚ್ಚಿದರೆ ಹಣ್ಣಿನ ಚೂರು ಅಂಟಿಕೊಂಡು, ಹಸಿ ಹಿಟ್ಟು ಅಂತ ಮೋಸ ಹೋಗುತ್ತೀರಿ.

ಬಿಸಿಯಲ್ಲಿ ಕೊಯ್ದರೆ ಪುಡಿಪುಡಿ. ಪೂರ್ತಿ ಆರಲಿ. ಮರುದಿನ ರುಚಿ ಇನ್ನೂ ಜಾಸ್ತಿ. ಆಷಾಢದ ತೇವಕ್ಕೆ ಹೊರಗಿಟ್ಟರೆ ಬೇಗ ಬೂಸ್ಟು ಹಿಡಿಯುತ್ತದೆ, ಫ್ರಿಜ್ಜಿನಲ್ಲಿಡಿ. ತಿನ್ನುವ ಮೊದಲು ದೋಸೆ ಕಾವಲಿಗೆ ಅರ್ಧ ಚಮಚ ತುಪ್ಪ ಹಾಕಿ ಎರಡೂ ಬದಿ ಬಿಸಿ ಮಾಡಿ.