ಮೃದಂಗಕ್ಕೂ ತಮಟೆಗೂ ಒಂದೇ ಸಂಭಾವನೆ

ಮೈಸೂರಿನ ಪೌರಕಾರ್ಮಿಕರ ಕಾಲೊನಿಗಳಲ್ಲಿ ಎಂಟು ವಾರ ನಡೆಸುವ ಕಲೆಯ ಕೆಲಸ ಹಿಡಿಯುವ ಮೊದಲು ನಾವು ಬರೆದಿಡುವುದು ಸಂಭಾವನೆಯ ಪಟ್ಟಿ. ಗೋಡೆ, ಬಣ್ಣ, ನಾಟಕ ಎಲ್ಲ ಆಮೇಲೆ. ಮೈಸೂರಿನ ಸಮಾರಂಭಗಳಲ್ಲಿ ಒಂದು ರೂಢಿ ಇದೆ: ವೇದಿಕೆ ಮೇಲೆ ಕೂತು ನುಡಿಸುವವರಿಗೆ ಹಾರ, ಶಾಲು, ಲಕೋಟೆ, ಗೇಟಿನಿಂದ ಅತಿಥಿಗಳನ್ನು ಕರೆತರುವ ತಮಟೆಯವರಿಗೆ ಇಡೀ ತಂಡಕ್ಕೆ ಸೇರಿ ಒಂದಿಷ್ಟು ದುಡ್ಡು, ಮೇಲೊಂದು ಊಟ. ಎರಡೂ ಚರ್ಮವಾದ್ಯವೇ. ಸಮಾನತೆ ಅಂತ ಗೋಡೆ ತುಂಬ ಬರೆದು ಈ ಪಟ್ಟಿಯನ್ನು ಹಾಗೇ ಬಿಟ್ಟರೆ, ಕೇರಿಯ ಹುಡುಗರಿಗೆ ಅದು ಎರಡೇ ದಿನದಲ್ಲಿ ತಿಳಿಯುತ್ತದೆ.

ನಮ್ಮ ಲೆಕ್ಕ ಹೀಗೆ. ವಾದ್ಯ ಯಾವುದೇ ಇರಲಿ, ತಲೆಗೆ ಮತ್ತು ಗಂಟೆಗೆ ಒಂದೇ ದರ. ತಾಲೀಮಿಗೆ ಅದರ ಅರ್ಧ. ಹಣ ಅವರವರ ಬ್ಯಾಂಕ್ ಖಾತೆಗೇ ಹೋಗಬೇಕು. ಇಲ್ಲಿ ಮೊದಲ ಎಡವಟ್ಟು ಆಗುವುದು ತಂಡದ ಮುಖ್ಯಸ್ಥರ ಹತ್ತಿರ. ಇಷ್ಟು ವರ್ಷ ಹಂಚುತ್ತಿದ್ದವರು ಅವರು, ಕೈತಪ್ಪಿತು ಅಂತ ಮುನಿಸು ಬರುತ್ತದೆ. ಜನ ಕರೆತರುವುದು, ವಾದ್ಯ ಹೊಂದಿಸುವುದು ನಿಜಕ್ಕೂ ಕೆಲಸವೇ ತಾನೇ? ಅದಕ್ಕೆ ಸಂಯೋಜಕರ ಸಂಭಾವನೆ ಅಂತ ಪ್ರತ್ಯೇಕ ಬಾಬ್ತು ಮಾಡಿ, ಎಲ್ಲರಿಗೂ ಕಾಣುವಂತೆ ಪಟ್ಟಿಯಲ್ಲೇ ಬರೆದರೆ ಮುನಿಸು ಅರ್ಧ ಇಳಿಯುತ್ತದೆ.

ನಗರಗಳ ಸ್ವಚ್ಛತೆ ಅಳೆಯುವ ಕೇಂದ್ರ ಸರ್ಕಾರದ 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ 73 ನಗರಗಳ ನಡುವೆ ಮೈಸೂರು ಮೊದಲು ಬಂತು. ಆ ಹೆಸರು ತಂದ ಪೌರಕಾರ್ಮಿಕರ ಬೀದಿಗೆ ಊರಿನವರು ಎಷ್ಟು ಜನ ಹೋಗಿದ್ದಾರೆ? ಬೆಳಕು ಹರಿಯುವಾಗಲೇ ಕೆಲಸಕ್ಕೆ ಇಳಿದವರು ಮಧ್ಯಾಹ್ನ ಮನೆ ಸೇರುತ್ತಾರೆ. ಉಂಡು, ಕಣ್ಣುಮುಚ್ಚಿ ಏಳುವ ಹೊತ್ತಿಗೆ ನಾಲ್ಕು ದಾಟಿರುತ್ತದೆ. ಹಾಗಾಗಿ ತಾಲೀಮು ನಾಲ್ಕೂವರೆಯಿಂದ ಆರು, ವಾರಕ್ಕೆ ಮೂರು ದಿನ. ನಲ್ಲಿಯಲ್ಲಿ ನೀರು ಬಿಡುವ ದಿನ ಬಿಟ್ಟುಬಿಡಿ. ಆ ದಿನ ಬರುವವರು ಗಂಡಸರು ಮಾತ್ರ. ಹಲವು ಕಾಲೊನಿಗಳಲ್ಲಿ ಮನೆಮಾತು ತೆಲುಗು. ಕರಪತ್ರ ಕನ್ನಡದಲ್ಲೇ ಇರಲಿ, ಹಾಡು ತೆಲುಗಿನಲ್ಲಿ ಬಂದರೆ ತಿದ್ದಲು ಹೋಗಬೇಡಿ.

ಮೊದಲ ಭೇಟಿ ಕೇರಿಯ ಯಜಮಾನರ ಹತ್ತಿರ, ಅದನ್ನು ತಪ್ಪಿಸುವಂತಿಲ್ಲ. ಅದೇ ವಾರ ಹೆಂಗಸರ ಸ್ವಸಹಾಯ ಸಂಘದ ಸಭೆಗೂ ಹೋಗಿ ಕೂರಬೇಕು. ಒಂದೇ ಕಡೆ ಕೇಳಿ ಬಂದರೆ ಗೋಡೆಯ ಮೇಲೆ ಗಂಡಸರ ಮೀಸೆಯೇ ತುಂಬಿಕೊಳ್ಳುತ್ತದೆ.

ತಮಟೆಯದು ಸೂಕ್ಷ್ಮದ ವಿಷಯ. ಹಳಬರಿಗೆ ಅದು ಬಿಟ್ಟಿ ಚಾಕರಿಯ ನೆನಪು: ಹೆಣದ ಮುಂದೆ, ಊರಹಬ್ಬದಲ್ಲಿ, ಡಂಗುರ ಸಾರುವಾಗ, ಕರೆದಾಗ ಹೋಗಲೇಬೇಕಿತ್ತು. 1973ರಲ್ಲಿ, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ‘ಬೂಸಾ’ ಅಂತ ಆಗಿನ ಸಚಿವ, ದಲಿತ ನಾಯಕ ಬಸವಲಿಂಗಪ್ಪನವರು ಆಡಿದ ಮಾತು ಹೊತ್ತಿಕೊಂಡದ್ದು ಮೈಸೂರಿನಲ್ಲೇ. ಆಮೇಲೆ ಬೆಳೆದ ದಲಿತ ಚಳವಳಿ ಅದೇ ವಾದ್ಯವನ್ನು ಮೆರವಣಿಗೆಯ ಮುಂದೆ ತಂದು ಅದಕ್ಕೆ ಬೇರೆ ಅರ್ಥ ಕೊಟ್ಟಿತು. ಒಂದೇ ಮನೆಯಲ್ಲಿ ತಾತ, ಅಪ್ಪ, ಮಗಳು ಮೂರು ಥರ ಯೋಚಿಸುವುದು ಇದರಿಂದಲೇ. ಹೊರಗಿನಿಂದ ಬಂದ ನಾವು ‘ನಿಮ್ಮ ಪರಂಪರೆ, ಉಳಿಸಿಕೊಳ್ಳಿ’ ಅಂದರೆ ಹಳೇ ಚಾಕರಿಯನ್ನೇ ಹೊಸ ಬಟ್ಟೆಯಲ್ಲಿ ಸುತ್ತಿ ಕೊಟ್ಟಂತೆ. ಮಕ್ಕಳಿಗೆ ಆಯ್ಕೆ ಬಿಡುತ್ತೇವೆ: ಮೃದಂಗ, ಕೀಬೋರ್ಡ್, ತಮಟೆ, ಯಾವುದಾದರೂ ಸರಿ. ತಮಟೆ ತರಗತಿಯ ಮೂರನೇ ಒಂದು ಪಾಲು ಸೀಟು ಪಕ್ಕದ ಬೀದಿಗಳ ಮಕ್ಕಳಿಗೆ ಮೀಸಲು. ಆ ಮಕ್ಕಳು ಬರುವುದು ನಿಧಾನ. ಮೂರನೇ ವಾರದ ತನಕ ಸೀಟು ಖಾಲಿ ಇದ್ದರೂ ತುಂಬಿಸಲು ಹೋಗುವುದಿಲ್ಲ. ಕಲಿಸುವ ಗುರು ಮಾತ್ರ ಕೇರಿಯವರೇ ಆಗಬೇಕು, ಹಾಜರಿ ಪುಸ್ತಕದಲ್ಲಿ ಅವರೇ ಸಹಿ ಹಾಕಬೇಕು.

ಹತ್ತು ತಮಟೆಗಳಲ್ಲಿ ಆರು ಚರ್ಮದವು, ನಾಲ್ಕು ಫೈಬರ್‌ನವು ಇದ್ದರೆ ಅನುಕೂಲ. ಚರ್ಮಕ್ಕೆ ಮಳೆಗಾಲದ ತೇವ, ಡಿಸೆಂಬರಿನ ಮಂಜು ಎರಡೂ ಆಗದು, ಸಡಿಲವಾಗಿ ‘ದಬ್’ ಅನ್ನುತ್ತದೆ. ಒಣಹುಲ್ಲು, ತೆಂಗಿನಗರಿ ಉರಿಸಿ ಮೊಳ ದೂರದಲ್ಲಿ ತಿರುಗಿಸುತ್ತಾ ಕಾಯಿಸಬೇಕು. ಅವಸರಪಟ್ಟು ಉರಿಗೆ ಹತ್ತಿರ ಹಿಡಿದರೆ ಅಂಚಿನಲ್ಲಿ ಸೀಳುತ್ತದೆ. ಪಕ್ಕದಲ್ಲಿ ಒಂದು ಬಕೆಟ್ ಮರಳು ಇರಲಿ. ಫೈಬರ್‌ಗೆ ಬೆಂಕಿ ಬೇಡ, ಆದರೆ ದನಿ ತಗಡಿನಂತೆ. ಕಲಿಯಲು ಸಾಕು, ಪ್ರದರ್ಶನಕ್ಕೆ ಸಪ್ಪೆ. ಸಮುದಾಯ ಭವನದ ಒಳಗೆ ಹತ್ತು ತಮಟೆ ಒಟ್ಟಿಗೆ ಬಾರಿಸಿದರೆ ಕಿವಿ ಗುಂಯ್‌ಗುಡುತ್ತದೆ, ಬಯಲೇ ವಾಸಿ. ಶಬ್ದ ಮಾಲಿನ್ಯ ನಿಯಮದಲ್ಲಿ ವಸತಿ ಪ್ರದೇಶದ ಹಗಲಿನ ಮಿತಿ 55 ಡೆಸಿಬೆಲ್. ಒಂದು ತಮಟೆಯೇ ಅದನ್ನು ದಾಟುತ್ತದೆ. ಆದ್ದರಿಂದ ಪರೀಕ್ಷೆಯ ತಿಂಗಳುಗಳಲ್ಲಿ ವಾದ್ಯ ನಿಲ್ಲಿಸಿ ಹಾಡಿಗೆ, ನಾಟಕಕ್ಕೆ ಹೊರಳುವುದು ಜಾಣತನ.

ಗೋಡೆಚಿತ್ರಕ್ಕೆ ಡಿಸೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ದಸರಾಕ್ಕೆ ಮುಗಿಸಿಕೊಡಿ ಅನ್ನುವವರು ಇದ್ದೇ ಇರುತ್ತಾರೆ, ಆಗಿನ ಮಳೆ ಯಾರ ಮಾತೂ ಕೇಳುವುದಿಲ್ಲ. ಕಾಲೊನಿಯ ಗೋಡೆಗಳಲ್ಲಿ ಹಳೇ ಸುಣ್ಣ, ಬುಡದಿಂದ ಏರುವ ತೇವ, ಉಪ್ಪು ಸಾಮಾನ್ಯ. ತಂತಿ ಬ್ರಷ್ಷಿನಲ್ಲಿ ಎಷ್ಟು ಕೆರೆದರೂ ಬಣ್ಣ ಒಂದೇ ವರ್ಷದಲ್ಲಿ ಹಪ್ಪಳದಂತೆ ಏಳುತ್ತದೆ. ಇದಕ್ಕೆ ಅಮೆರಿಕದ ಫಿಲಡೆಲ್ಫಿಯಾ ನಗರದಿಂದ ಒಂದು ಉಪಾಯ ಸಿಗುತ್ತದೆ. ಅಲ್ಲಿ 1984ರಲ್ಲಿ ಗೋಡೆ ಗೀಚುವ ಹುಡುಗರ ಕೈಗೆ ಕುಂಚ ಕೊಟ್ಟು ಶುರುವಾದ ನಗರದ ಯೋಜನೆ, ಚಿತ್ರವನ್ನು ತೆಳುಬಟ್ಟೆಯ ತುಂಡುಗಳ ಮೇಲೆ ಶಾಲೆ, ಜೈಲುಗಳಲ್ಲಿ ಬರೆಸಿ ಆಮೇಲೆ ಗೋಡೆಗೆ ಅಂಟಿಸುತ್ತದೆ. ಅಟ್ಟಣಿಗೆ ಹತ್ತಲಾಗದವರೂ ಚಿತ್ರದಲ್ಲಿ ಪಾಲುದಾರರಾಗುತ್ತಾರೆ. ನಾವು ಬಟ್ಟೆಯ ಬದಲು ಸಿಮೆಂಟ್ ಬೋರ್ಡ್ ಬಳಸುತ್ತೇವೆ: 24 ಅಡಿ ಅಗಲ, 8 ಅಡಿ ಎತ್ತರದ ಚಿತ್ರಕ್ಕೆ 4×4 ಅಡಿಯ 12 ಬೋರ್ಡು, 8 ಮಿಲಿಮೀಟರ್ ದಪ್ಪ. ಒಂದೊಂದು ಬೋರ್ಡು ಒಂದೊಂದು ಸಾಲುಮನೆಯವರ ಪಾಲಿಗೆ.

ಚಿತ್ರದ ಕರಡಿನಲ್ಲಿ ಇಂಚಿಗೊಂದು, ಬೋರ್ಡಿನಲ್ಲಿ ಅಡಿಗೊಂದು ಅಡ್ಡ-ಉದ್ದ ಗೆರೆ ಎಳೆದು, ಚೌಕ ನೋಡಿಕೊಂಡು ಚಿತ್ರವನ್ನು ದೊಡ್ಡದು ಮಾಡಿಕೊಳ್ಳಬೇಕು. ಚಿತ್ರದ ಗೆರೆಗಳ ನಡುವಿನ ಜಾಗಕ್ಕೆ ಪೆನ್ಸಿಲ್‌ನಲ್ಲಿ ಬಣ್ಣದ ನಂಬರು ಹಾಕಿಟ್ಟರೆ ಎಪ್ಪತ್ತರ ಅಜ್ಜಿಯೂ ಕೂತಲ್ಲೇ ತುಂಬಬಹುದು. ಮುಂಬದಿಗೆ ಎರಡು ಲೀಟರ್ ಹೊರಗೋಡೆಯ ಪ್ರೈಮರ್, ಬಿಳಿ ಎಮಲ್ಷನ್ ನಾಲ್ಕು ಲೀಟರ್, ಬಣ್ಣಕ್ಕೆ ಒಂದೊಂದು ಲೀಟರಿನ ಆರು ಡಬ್ಬ. ಹಿಂಬದಿಗೂ ಪ್ರೈಮರ್ ಹೊಡೆಯಲೇಬೇಕು, ಅದಕ್ಕೆ ಇನ್ನೆರಡು ಲೀಟರ್. ಇದನ್ನು ಉಳಿಸಲು ಹೋದರೆ ತೇವ ಹಿಂದಿನಿಂದ ನುಗ್ಗಿ ಬಣ್ಣದಲ್ಲಿ ಗುಳ್ಳೆ ಏಳುತ್ತದೆ. ಬೋರ್ಡಿಗೆ ಒಂಬತ್ತು ಸ್ಕ್ರೂ. ತೂತು ಮೊದಲೇ ಕೊರೆದಿರಬೇಕು, ಅಂಚಿನಿಂದ ಒಂದೂವರೆ ಇಂಚು ಒಳಗೆ; ಅಂಚಿಗೆ ಕೊರೆದರೆ ಮೂಲೆ ಮುರಿಯುತ್ತದೆ. ಮುಂದೆ ಮನೆ ಕೆಡವಿ ಕಟ್ಟುವ ಯೋಜನೆ ಬಂದರೂ ಚಿತ್ರವನ್ನು ಬಿಚ್ಚಿ ಒಯ್ಯಬಹುದು.

ಏನು ಬರೆಯುವುದು? ಕಲಾ ಕಾಲೇಜಿನಿಂದ ಬಂದವರು ಸಾಮಾನ್ಯವಾಗಿ ಪೊರಕೆ ಹಿಡಿದ ಹೆಂಗಸಿನ ಗಂಭೀರ ಮುಖ ಬರೆದು ತರುತ್ತಾರೆ. ‘ಬೆಳಗ್ಗಿಂದ ಹಿಡಿದದ್ದು ಸಾಲದಾ, ಗೋಡೆ ಮೇಲೂ ಅದೇನಾ?’ ಅನ್ನುವ ಪ್ರಶ್ನೆ ಬರದೆ ಇರುವುದಿಲ್ಲ. ಅವರಿಗೆ ಬೇಕಾದದ್ದು ಮದುವೆ ಚಪ್ಪರ, ಕರಿಕೋಟಿನ ವಕೀಲೆ, ಕೆಆರ್‌ಎಸ್ ಕಾರಂಜಿ ಇರಬಹುದು. ಅದನ್ನೇ ಬರೆಯಬೇಕು, ನಮಗೆ ಹಿಡಿಸದಿದ್ದರೂ. ಅಂಬೇಡ್ಕರ್ ಚಿತ್ರ ಬಹುಪಾಲು ಬರುತ್ತದೆ. ಅದು ನೆಲದಿಂದ ಐದಡಿಗಿಂತ ಮೇಲಿರಲಿ, ಬೀದಿದೀಪದ ಬೆಳಕು ಬೀಳುವ ಕಡೆ ಇರಲಿ. ಯಾರಾದರೂ ಕೆಡಿಸಿದರೆ ಅವಸರದಲ್ಲಿ ತಿದ್ದಿ ಮುಚ್ಚಬೇಡಿ. ಫೋಟೊ ತೆಗೆದು, ಠಾಣೆಗೆ ದೂರು ಕೊಟ್ಟ ಮೇಲೆ ಬಣ್ಣ. ಬದುಕಿರುವ ರಾಜಕಾರಣಿಯ ಮುಖ ಬೇಡವೇ ಬೇಡ. ಗೋಡೆ ಖಾಸಗಿಯಾದರೆ ಮಾಲೀಕರ, ಸರ್ಕಾರಿಯಾದರೆ ಆಯಾ ಇಲಾಖೆಯ ಒಪ್ಪಿಗೆ ಬರಹದಲ್ಲಿರಬೇಕು.

ಬೀದಿನಾಟಕಕ್ಕೆ ಇಪ್ಪತ್ತು ನಿಮಿಷ ಸಾಕು. ಅವಮಾನದ ಪ್ರಸಂಗಗಳನ್ನು ಹೇಳಿಸುವಾಗ ಒಂದು ನಿಯಮ: ಹೇಳಿದವರು ಪ್ರದರ್ಶನದ ಹಿಂದಿನ ರಾತ್ರಿಯ ತನಕ ತಮ್ಮ ಕಥೆ ವಾಪಸ್ ಪಡೆಯಬಹುದು, ಕಾರಣ ಕೇಳುವಂತಿಲ್ಲ. ತನಗಾದದ್ದನ್ನು ತಾನೇ ಅಭಿನಯಿಸುವುದು ಬೇಡ. ಪಾತ್ರ ಬೇರೆಯವರಿಗೆ ಹೋಗಬೇಕು. ಬೇರೆ ಲೋಟದಲ್ಲಿ ಕಾಫಿ ಕೊಟ್ಟ ಹೋಟೆಲು ನಾಟಕದಲ್ಲಿ ದಿನಸಿ ಅಂಗಡಿಯಾಗಲಿ. ಗುರುತು ಸಿಕ್ಕರೆ ಮರುದಿನ ಅಂಗಡಿಯವನ ಸಿಟ್ಟು ತಾಗುವುದು ನಮಗಲ್ಲ, ಅಲ್ಲೇ ಬಾಳಬೇಕಾದವರಿಗೆ. ನಿಜಕ್ಕೂ ಅಸ್ಪೃಶ್ಯತೆಯ ಘಟನೆ ಅಂತ ಕಂಡರೆ ಅದಕ್ಕೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ದೂರು ಕೊಡುವುದು, ಬಿಡುವುದು ಅವರ ತೀರ್ಮಾನ. ವಕೀಲರನ್ನು ಭೇಟಿ ಮಾಡಿಸುವಷ್ಟೇ ನಮ್ಮ ಕೆಲಸ.

ಪ್ರದರ್ಶನ ಮೂರು. ಮೊದಲನೆಯದು ಕೇರಿಯಲ್ಲಿ, ಎರಡನೆಯದು ಅದೇ ವಾರ್ಡಿನ ಮೇಲ್ಜಾತಿಯವರ ಬೀದಿಯಲ್ಲಿ, ಮೂರನೆಯದು ಕಲಾಮಂದಿರದ ಕಿರುರಂಗಮಂದಿರದಂಥ ಟಿಕೆಟ್ಟಿನ ಜಾಗದಲ್ಲಿ. ಎರಡನೆಯದೇ ಕಷ್ಟ. ‘ಇಲ್ಲಿ ಯಾಕೆ ಗಲಾಟೆ’ ಅನ್ನುತ್ತಾರೆ. ಪೊಲೀಸ್ ಅನುಮತಿ, ಧ್ವನಿವರ್ಧಕದ ಪರವಾನಗಿ ಕೈಯಲ್ಲಿಲ್ಲದೆ ಅಲ್ಲಿಗೆ ಹೋಗಬಾರದು. ತಮ್ಮ ಮಕ್ಕಳೂ ತಮಟೆ ಹಿಡಿದು ನಿಂತಿದ್ದರೆ ನೋಡಲು ಬರುವ ತಾಯಂದಿರು ಖಂಡಿತ ಇರುತ್ತಾರೆ. ಖಾಲಿ ಸೀಟನ್ನು ಅಷ್ಟು ದಿನ ಕಾದಿಟ್ಟದ್ದು ಇದಕ್ಕೇ.

ಹಣಕ್ಕೆ ಬಂದರೆ, ಸರ್ಕಾರಿ ಅನುದಾನ ಬೇಕಾದರೆ ಸಂಘ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಗಿರಲಿ, ಲೆಕ್ಕಪರಿಶೋಧನೆ ಆಗಿರಲಿ. ನಗರ ಸ್ಥಳೀಯ ಸಂಸ್ಥೆಗಳಲ್ಲಿ ಪರಿಶಿಷ್ಟರಿಗೆ ಮೀಸಲಾದ ಶೇ. 24.10ರ ನಿಧಿ ಇದೆ. ಸಮುದಾಯ ಭವನದ ದೀಪ, ಶೌಚಾಲಯ, ನೆಲ ಇವುಗಳಿಗೆ ಆ ಬಾಬ್ತಿನಲ್ಲಿ ಅರ್ಜಿ ಹಾಕಿ. ಕಲಾವಿದರ ಸಂಭಾವನೆಗೆ ಬೇರೆ ಮೂಲ ಹುಡುಕುವುದು ಲೇಸು. ಅನುದಾನದ ಬಿಲ್ಲು ಪಾಸಾಗುವ ತನಕ ಕೇರಿಯವರನ್ನು ಕಾಯಿಸಬಾರದು, ಎಂಟು ವಾರದ ಸಂಭಾವನೆಯಷ್ಟು ಮುಂಗಡ ಕೈಯಲ್ಲಿಟ್ಟುಕೊಂಡೇ ಶುರುಮಾಡಿ. ಚುನಾವಣೆಯ ನೀತಿಸಂಹಿತೆ ಬೀಳುವ ದಿನಗಳನ್ನೂ ಲೆಕ್ಕಕ್ಕೆ ಹಿಡಿಯಿರಿ.

ಜನರಿಗೆ ಒಳ್ಳೆಯದಾಯಿತೇ ಅಂತ ತಿಳಿಯಲು ನಾವು ಪ್ರಶ್ನಾವಳಿ ಹಂಚುವುದಿಲ್ಲ. ಮೂರು ಸಂಗತಿ ಬರೆದಿಡುತ್ತೇವೆ: ಪ್ರತಿ ತಾಲೀಮಿಗೆ ಬಂದವರಲ್ಲಿ ಹೆಂಗಸರೆಷ್ಟು, ಎರಡು ಬಾರಿ ತಪ್ಪಿಸಿಕೊಂಡವರನ್ನು ಅವರಲ್ಲೇ ಯಾರು ವಿಚಾರಿಸಿಕೊಂಡರು, ನಾವಿಲ್ಲದ ದಿನ ಭವನದ ಬಾಗಿಲು ತೆರೆಯಿತೇ. ಕುಡಿತ, ನಿದ್ದೆಗೆಟ್ಟ ರಾತ್ರಿ, ಸಾವಿನ ದುಃಖ ಮಾತಿನ ನಡುವೆ ಹೊರಬೀಳುತ್ತವೆ. ಅದಕ್ಕೆ ತಮಟೆ ಮದ್ದಲ್ಲ. ವಾರಕ್ಕೊಮ್ಮೆ ಆಶಾ ಕಾರ್ಯಕರ್ತೆಯೂ ತಾಲೀಮಿನ ಹೊತ್ತಿಗೆ ಬಂದು ಕೂತಿದ್ದರೆ, ಆಸ್ಪತ್ರೆಯ ಸಾಲಿನಲ್ಲಿ ಬಾಯಿ ಬಿಡದವರು ಅಲ್ಲಿ ಬಿಡುತ್ತಾರೆ.

ಕೊನೆಯ ವಾರ ವಾದ್ಯ ಇಡುವ ಜಾಗ ನೋಡಿ. ಗೋಡೆಗೆ ತಾಗಿಸಿ ನೇತುಹಾಕಿದರೆ ಚರ್ಮ ಬೂಸ್ಟು ಹಿಡಿಯುತ್ತದೆ, ನೆಲದಲ್ಲಿಟ್ಟರೆ ಇಲಿ ಕಡಿಯುತ್ತದೆ. ಸೂರಿನಿಂದ ಹಗ್ಗ ಇಳಿಬಿಟ್ಟು ತೂಗುಹಾಕಬೇಕು. ಬೀಗದ ಕೈ ಎರಡು ಮಾಡಿಸಿ, ಒಂದು ಯಜಮಾನರಿಗೆ, ಇನ್ನೊಂದು ಹೆಂಗಸರ ಸಂಘಕ್ಕೆ. ನಮ್ಮ ಹತ್ತಿರ ಯಾವುದೂ ಬೇಡ.