ವ್ಯಾಗ್-9: ಏರಿನಲ್ಲಿ ನಿಂತ ಲೋಡನ್ನು ನಾನು ಎಬ್ಬಿಸುವ ರೀತಿ

ಸೊಲ್ಲಾಪುರ–ವಾಡಿ ಹಾದಿಯಲ್ಲಿ ಗೂಡ್ಸ್ ಓಡಿಸುವವರಿಗೆ ವ್ಯಾಗ್-9 ದಿನನಿತ್ಯದ ಇಂಜಿನ್. ಅಕ್ಕಲಕೋಟ, ದುಧನಿ ಕಡೆಯ ಹುಡುಗರು ಅಸಿಸ್ಟೆಂಟ್ ಆಗಿ ಬಂದರೆ ಮೊದಲು ಕೇಳುವುದು ಹಾರ್ಸ್‌ಪವರ್ ಎಷ್ಟು ಅಂತ. ನಾನು ತೂಕದಿಂದ ಶುರು ಮಾಡುತ್ತೇನೆ. ನಿಂತ ಲೋಡನ್ನು, ಅಂದರೆ ತುಂಬಿದ ಗೂಡ್ಸ್ ಗಾಡಿಯನ್ನು, ಎಬ್ಬಿಸುವುದು ಗಾಲಿಯ ಮೇಲಿನ ತೂಕ, ಎದ್ದ ಮೇಲೆ ಓಡಿಸುವುದು ಹಾರ್ಸ್‌ಪವರ್.

ಲೆಕ್ಕ ಹೀಗೆ. ತುಂಬಿದ 58 ಬಾಕ್ಸ್‌ಎನ್‌ಎಚ್‌ಎಲ್ ವ್ಯಾಗನ್, ಒಂದೊಂದಕ್ಕೆ ನಾಲ್ಕು ಆಕ್ಸಲ್ (ಗಾಲಿಜೋಡಿಯ ಅಚ್ಚು), ಆಕ್ಸಲ್‌ಗೆ 22.9 ಟನ್‌ನಂತೆ ವ್ಯಾಗನ್ನಿಗೆ 91.6, ಒಟ್ಟು ಸುಮಾರು 5300 ಟನ್. ನಿಂತಲ್ಲಿಂದ ಕದಲಿಸಲು ಟನ್ನಿಗೆ 4 ಕೆ.ಜಿ. ಹಿಡಿದರೆ 21 ಟನ್ ಎಳೆತ ಬೇಕು. 200ಕ್ಕೆ 1ರ ಏರಿದ್ದರೆ, ಅಂದರೆ 200 ಮೀಟರಿಗೆ 1 ಮೀಟರ್ ಏರಿದರೆ, ಟನ್ನಿಗೆ ಇನ್ನೂ 5 ಕೆ.ಜಿ., ಅದು 27 ಟನ್. ಇಂಜಿನ್ನಿನದ್ದೂ ಸೇರಿ 49 ಟನ್. ಮೊದಲ ವ್ಯಾಗ್-9ರ ತೂಕ 123 ಟನ್, ಎಳೆತ 460 ಕಿಲೋನ್ಯೂಟನ್, ಅಂದರೆ 47 ಟನ್ನಿನಷ್ಟು. ಏಳುವುದಿಲ್ಲ. ಒಳಗೆ ತೂಕ ತುಂಬಿ 135 ಟನ್ ಮಾಡಿದ ವ್ಯಾಗ್-9ಎಚ್‌ನ ಎಳೆತ 510 ಕಿಲೋನ್ಯೂಟನ್, 52 ಟನ್. ಏಳುತ್ತದೆ. ಮೋಟಾರು ಅದೇ, 6120 ಹಾರ್ಸ್‌ಪವರ್ ಅದೇ. ಆ 12 ಟನ್ ತೂಕದ ಬೆಲೆ ಇಂಥ ಏರಿನಲ್ಲಿ ಗೊತ್ತಾಗುತ್ತದೆ. 150ಕ್ಕೆ 1ರ ಏರಾದರೆ ಎಚ್‌ಗೂ ಒಂಟಿಯಾಗಿ ಆಗದು. ಅಲ್ಲಿ ಇನ್ನೊಂದು ಇಂಜಿನ್ ಬೇಕು.

ಈ ಇಂಜಿನ್ನಿನ ಮೂಲ ಎಬಿಬಿ ಕಂಪನಿಯ ಜೊತೆಗಿನ 1993ರ ಒಪ್ಪಂದ. 22 ವ್ಯಾಗ್-9, ಪ್ಯಾಸೆಂಜರಿಗೆ 11 ವ್ಯಾಪ್-5. 1998ರಲ್ಲಿ ಚಿತ್ತರಂಜನದ ಇಂಜಿನ್ ಕಾರ್ಖಾನೆಯಲ್ಲಿ ಇಲ್ಲಿಯದೇ ಆಗಿ ಕಟ್ಟಿದ ಮೊದಲನೆಯದು ಹೊರಬಂತು, ಹೆಸರು ನವಯುಗ. ಮುಖ್ಯವಾಗಿ ಗೇರ್ ಬದಲಿಸಿ ಪ್ಯಾಸೆಂಜರಿಗೆ ಹೊಂದಿಸಿದ್ದು ವ್ಯಾಪ್-7. ಗೂಡ್ಸಿನದು 77:15, ಪ್ಯಾಸೆಂಜರಿನದು 72:20. ವೇಗ 100ರಿಂದ 140 ಆಯಿತು, ಎಳೆತ 460ರಿಂದ 323ಕ್ಕೆ ಇಳಿಯಿತು. ಗೇರಿನ ಅನುಪಾತದಿಂದ ಭಾಗಿಸಿದರೆ ಇದೇ ಅಂಕಿ ಸಿಗುತ್ತದೆ. ಆಮೇಲೆ ಬಂದ 9000 ಹಾರ್ಸ್‌ಪವರಿನ ವ್ಯಾಗ್-9ಎಚ್‌ಎಚ್ ಎಬ್ಬಿಸುವಲ್ಲಿ ದೊಡ್ಡ ವ್ಯತ್ಯಾಸ ಮಾಡುವುದಿಲ್ಲ, ತೂಕ ಹೆಚ್ಚಿಲ್ಲವಲ್ಲ. ಆದರೆ ಅದೇ ಏರಿನಲ್ಲಿ 6120ರದು ಗಂಟೆಗೆ 43 ಕಿ.ಮೀ. ಹಿಡಿದರೆ ಇದು 60ರ ಸುತ್ತ ಹೋಗಬಲ್ಲದು ಎಂದು ಲೆಕ್ಕ ಹೇಳುತ್ತದೆ. ಸೆಕ್ಷನ್ (ಆ ತುಂಡು ಹಾದಿ) ಮುಂದಿನ ಗಾಡಿಗೆ ಬೇಗ ಖಾಲಿಯಾಗುತ್ತದೆ.

ಎಬ್ಬಿಸುವ ಮೊದಲು ಬ್ರೇಕ್ ಪೈಪಿನಲ್ಲಿ 5 ಕೆ.ಜಿ., ಫೀಡ್ ಪೈಪಿನಲ್ಲಿ 6 ಕೆ.ಜಿ. ತುಂಬಿದ್ದರೂ ನಾನು ಪೈಪಿಗೆ ಇನ್ನೂ ಎಷ್ಟು ಗಾಳಿ ಹೋಗುತ್ತಿದೆ ಎಂದು ತೋರುವ ಏರ್ ಫ್ಲೋ ಮುಳ್ಳು ಕೆಳಗೆ ಬಂದು ನಿಲ್ಲುವ ತನಕ ಕಾಯುತ್ತೇನೆ. ಮುಂದಿನ ಗೇಜ್ ತುಂಬಿದಾಗ ಹಿಂದಿನ ವ್ಯಾಗನ್ನುಗಳು ಇನ್ನೂ ಬ್ರೇಕ್ ಬಿಡುತ್ತಿರುತ್ತವೆ. ಆಗ ಎಳೆದರೆ ಕಪ್ಲರ್ (ವ್ಯಾಗನ್ ಜೋಡಿಸುವ ಕೊಂಡಿ) ತುಂಡಾಗಬಹುದು. ಲೋಕೊ ಬ್ರೇಕ್ ಹಿಡಿದಿರುವಾಗಲೇ ಥ್ರಾಟಲ್ ಸ್ವಲ್ಪ ಮುಂದೆ ತರಬೇಕು, 100 ಕಿಲೋನ್ಯೂಟನ್ ಸುತ್ತ ನಿಲ್ಲಿಸಿ ಬ್ರೇಕ್ ನಿಧಾನ ಬಿಡಬೇಕು. ಕಪ್ಲರುಗಳು ಬಿಗಿಯುವ ಸದ್ದು ಹಿಂದಕ್ಕೆ ಸಾಗಿ ನಿಂತ ಮೇಲೆ ಮುಂದಿನ ಏರಿಕೆ. ಹಳೆಯ ಮಾದರಿಯ ವ್ಯಾಗ್-7ರಲ್ಲಿ ಹೀಗೆ ನಿಂತಲ್ಲೇ ಕರೆಂಟ್ ಹಿಡಿದಿಡುವಂತಿಲ್ಲ, ಡಿ.ಸಿ. ಮೋಟಾರಿನ ಕಮ್ಯುಟೇಟರ್ (ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ತಾಮ್ರದ ಬಳೆ) ಸುಡುತ್ತದೆ. ಥ್ರಾಟಲಿನ 32 ನಾಚ್‌ (ಮೆಟ್ಟಿಲು) ಗಳಲ್ಲಿ ಪ್ರತಿಯೊಂದಕ್ಕೂ ಎಳೆತ ಜಿಗಿಯುತ್ತದೆ ಕೂಡ. ಮೂರು ಫೇಸಿನ ಮೋಟಾರಿಗೆ ಕಮ್ಯುಟೇಟರೇ ಇಲ್ಲ, ಎಳೆತವೂ ಮೆಟ್ಟಿಲಿಲ್ಲದೆ ಏರುತ್ತದೆ. ಈ ಇಂಜಿನ್ನಿನಲ್ಲಿ ನನಗೆ ಅತಿ ಮೆಚ್ಚುಗೆಯಾದ ಗುಣ ಅದೇ.

ಗಾಲಿಗೆ ಹಿಡಿತ ಸಿಗಲೆಂದು ಹಳಿಯ ಮೇಲೆ ಸ್ಯಾಂಡ್ (ಮರಳು) ಹಾಕುವುದು ಗಾಲಿ ಜಾರಿದ ಮೇಲಲ್ಲ, ಜಾರುವ ಮೊದಲು. ಎಳೆತ 350 ದಾಟುವಾಗ ಸ್ವಲ್ಪ ಸ್ವಲ್ಪ ಹಾಕುತ್ತ ಹೋಗುತ್ತೇನೆ. ಜಾರಿದಾಗ ಎಲೆಕ್ಟ್ರಾನಿಕ್ಸ್ ತಾನೇ ಎಳೆತ ಇಳಿಸುತ್ತದೆ. ಅದು ಇಳಿಸುವಾಗ ಥ್ರಾಟಲನ್ನು ಇನ್ನೂ ಮುಂದೆ ಒತ್ತಿ ಪ್ರಯೋಜನವಿಲ್ಲ. ಜೋರು ಮಳೆಗಿಂತ ಮೊದಲ ತುಂತುರು ಕೆಟ್ಟದ್ದು. ಹಳಿಯ ಮೇಲಿನ ಧೂಳು, ಎಣ್ಣೆ ತೊಳೆದುಹೋಗದೆ ಲೋಳೆಯಾಗುತ್ತದೆ. ವಾಡಿ ಕಡೆ ಸಿಮೆಂಟ್ ಧೂಳಿರುವಲ್ಲಿ ಇನ್ನೂ ಎಚ್ಚರ ಬೇಕು. ಹೊರಡುವ ಮೊದಲು ಸ್ಯಾಂಡ್ ಬಾಕ್ಸ್ ತೆರೆದು ಮರಳು ಒಣಗಿದೆಯೇ, ಪೈಪಿನ ಬಾಯಿ ಹಳಿಯ ನೇರಕ್ಕಿದೆಯೇ ಅಂತ ಕಣ್ಣಿಂದ ನೋಡಬೇಕು. ಒದ್ದೆ ಮರಳು ಪೈಪಿನಲ್ಲೇ ಗಡ್ಡೆ ಕಟ್ಟುತ್ತದೆ, ಬಟನ್ ಒತ್ತಿದರೆ ಗಾಳಿ ಮಾತ್ರ ಬರುತ್ತದೆ.

ಬೋಗಿ ಅಂದರೆ ಇಲ್ಲಿ ಡಬ್ಬಿಯಲ್ಲ, ಇಂಜಿನ್ನಿನ ಕೆಳಗೆ ಮೂರು ಆಕ್ಸಲ್ ಹೊತ್ತ ಚೌಕಟ್ಟು, ಇಂಜಿನ್ನಿಗೆ ಎರಡು. ಅದು ಕೆಟ್ಟರೆ ಹಳೆಯ ಜಿ.ಟಿ.ಒ. ಇಂಜಿನ್ನಿಗೂ ಹೊಸ ಐ.ಜಿ.ಬಿ.ಟಿ.ಗೂ ಇರುವ ಅಂತರ ಕಾಣುತ್ತದೆ (ಇವು ಮೋಟಾರಿಗೆ ಕರೆಂಟ್ ಹದಗೊಳಿಸುವ ಎಲೆಕ್ಟ್ರಾನಿಕ್ ಸ್ವಿಚ್ಚಿನ ಎರಡು ಬಗೆ). ಜಿ.ಟಿ.ಒ.ದಲ್ಲಿ ಒಂದು ಬೋಗಿಯ ಮೂರೂ ಮೋಟಾರು ಒಂದೇ ಕನ್ವರ್ಟರಿಗೆ ಕಟ್ಟಿದವು. ಅದು ಹೋದರೆ ಅರ್ಧ ಎಳೆತ ಹೋಯಿತು. ಆಕ್ಸಲ್‌ಗೊಂದು ಇನ್ವರ್ಟರ್ ಇರುವುದರಲ್ಲಿ ಆರರಲ್ಲಿ ಒಂದು ಪಾಲು ಮಾತ್ರ. ಡಿಸ್‌ಪ್ಲೇಯ ಸಂದೇಶ ಪೂರ್ತಿ ಓದಿ, ಬರೆದುಕೊಂಡು, ಆಮೇಲೆ ದೋಷ ನೋಡಿದೆ ಎಂದು ತಿಳಿಸುವ ಬಟನ್ ಬಿ.ಪಿ.ಎಫ್.ಎ. ಒತ್ತಿ. 154 ರೋಟರಿ ಸ್ವಿಚ್ಚಿನಿಂದ ಬೋಗಿ ಬೇರ್ಪಡಿಸಿದ ಎಚ್‌ನಲ್ಲಿ ಉಳಿಯುವುದು 26 ಟನ್ ಎಳೆತ. ಮಟ್ಟಸ ಹಳಿಯಲ್ಲಿ 5300 ಟನ್ ಕದಲಿಸಲು ಅದು ಸಾಕು. 200ಕ್ಕೆ 1ರಲ್ಲಿ ಮತ್ತೆ ಮತ್ತೆ ಪ್ರಯತ್ನಿಸಿ ಹಳಿ ಸವೆಸದೆ ಗಾಡಿಗಳ ಓಡಾಟ ನಡೆಸುವ ಕಂಟ್ರೋಲಿಗೆ ತಿಳಿಸಿ ಇನ್ನೊಂದು ಇಂಜಿನ್ ಕೇಳುತ್ತೇನೆ. ಕೇಳುವಾಗ ಹೇಳಬೇಕಾದ್ದು ನಾಲ್ಕು: ಇಂಜಿನ್ ನಂಬರ್, ಎಚ್ ಹೌದೋ ಅಲ್ಲವೋ, ಯಾವ ಬೋಗಿ ಬಂದ್, ಹಿಂದಿರುವ ಟನ್.