ಬೇಕಂತಲೇ ಸೋಲುತ್ತೀವಾ? ಒಂದು ಸಲ ಒಳಗೆ ಇಣುಕಿ ನೋಡಿ

ಪರೀಕ್ಷೆಯ ಹಿಂದಿನ ರಾತ್ರಿ ಸಿನಿಮಾ ನೋಡುವುದು, ಇಂಟರ್‌ವ್ಯೂಗೆ ತಡವಾಗಿ ಹೊರಡುವುದು, ಅರ್ಜಿ ತುಂಬಲು ಕೊನೇ ದಿನ ರಾತ್ರಿ ಹನ್ನೊಂದೂವರೆಗೆ ಕೂರುವುದು. ಈ ಮೂರನೆಯದರಲ್ಲಿ ನಾನು ಪಳಗಿದವನು. ಸರ್ವರ್ ಕೈಕೊಟ್ಟಿತು ಅಂತ ವರ್ಷಗಟ್ಟಲೆ ಹೇಳಿಕೊಂಡು ತಿರುಗಿದ್ದೇನೆ.

‘ನಾನ್ಯಾಕೆ ಹೀಗೆ’ ಅಂತ ಯೋಚಿಸಬೇಡಿ, ಬರೀ ಬೈಗುಳ ಸಿಗುತ್ತೆ. ಇತ್ತೀಚಿನ ಒಂದೇ ಒಂದು ಘಟನೆ ಹಿಡಿದು, ಕೆಲಸ ಬಿಟ್ಟು ಎದ್ದ ಆ ಗಳಿಗೆಗಿಂತ ಸ್ವಲ್ಪ ಮುಂಚೆ ಏನಾಯಿತು ಅಂತ ಬರೆಯಿರಿ. ನನಗೆ ‘ನಿಮ್ಮ ಬಗ್ಗೆ ಬರೆಯಿರಿ’ ಅನ್ನುವ ಕಾಲಂ ಬಂದ ತಕ್ಷಣ ಹೊಟ್ಟೆ ಹಿಂಡಿದಂತಾಗಿ, ಎದ್ದು ಕಾಫಿ ಮಾಡಲು ಹೋಗಿದ್ದೆ. ಒಂದೇ ಸಂಜೆ ಮೂರು ಸಲ.

ಆಮೇಲೆ ಕೇಳಿಕೊಳ್ಳಿ: ಕೆಲಸ ಕೆಟ್ಟದ್ದರಿಂದ ನನಗೇನು ಲಾಭ? ಸಿಟ್ಟು ಬರುವ ಪ್ರಶ್ನೆ, ಆದರೆ ಬಿಡಬೇಡಿ. 1978ರಲ್ಲಿ ಅಮೆರಿಕದ ಬರ್ಗ್ಲಾಸ್ ಮತ್ತು ಜೋನ್ಸ್ ಎಂಬ ಮನಶ್ಶಾಸ್ತ್ರಜ್ಞರು ಕೆಲವು ವಿದ್ಯಾರ್ಥಿಗಳಿಗೆ ಉತ್ತರವೇ ಇಲ್ಲದ ಪ್ರಶ್ನೆಗಳನ್ನು ಕೊಟ್ಟು, ಚೆನ್ನಾಗಿ ಮಾಡಿದ್ದೀರಿ ಅಂದರು. ಎರಡನೇ ಸುತ್ತಿಗೆ ಮೊದಲು ಎರಡು ಔಷಧಿ ತೋರಿಸಿ, ಒಂದು ಬುದ್ಧಿ ಚುರುಕು ಮಾಡುತ್ತೆ, ಇನ್ನೊಂದು ಮಂಕು ಮಾಡುತ್ತೆ, ಯಾವುದು ಬೇಕು ಅಂತ ಕೇಳಿದರು. ಮೊದಲ ಸಲ ಹೇಗೆ ಗೆದ್ದೆವು ಅಂತಲೇ ತಿಳಿಯದ ಹುಡುಗರಲ್ಲಿ ಹೆಚ್ಚಿನವರು ಮಂಕು ಮಾಡುವುದನ್ನೇ ಆರಿಸಿಕೊಂಡರು. ಸೋತರೆ ಔಷಧಿ ಮೇಲೆ ಹಾಕಬಹುದಲ್ವಾ! ನನ್ನ ಸರ್ವರ್ ಕೂಡ ಅದೇ ಔಷಧಿ.

ಈಗ ಹಿಂದಕ್ಕೆ ಹೋಗಿ. ಮನೆಯಲ್ಲಿ ಪದೇ ಪದೇ ಕೇಳಿದ ಮಾತು ಯಾವುದು? ನಮ್ಮಲ್ಲಿ, ‘ಹುಡುಗ ಬುದ್ಧಿವಂತ, ಆದ್ರೆ ಓದಲ್ಲ.’ ಬೈಗುಳವೇ, ಆದರೆ ಒಳಗೊಳಗೇ ಸಿಹಿ. ಓದಿಯೂ ಅಂಕ ಬರದಿದ್ದರೆ ಆ ‘ಬುದ್ಧಿವಂತ’ ಹೋಗಿಬಿಡುತ್ತಾನೆ, ಓದದೇ ಇದ್ದರೆ ಭದ್ರವಾಗಿರುತ್ತಾನೆ. ‘ಜಾಸ್ತಿ ನಗಬೇಡ, ಆಮೇಲೆ ಅಳ್ತೀಯ’ ಅಂತ ಕೇಳಿ ಬೆಳೆದವರಿಗೆ ಎಲ್ಲ ಸರಿಯಾಗಿ ನಡೆಯುತ್ತಿರುವಾಗಲೇ ಎದೆ ಡವಗುಟ್ಟಬಹುದು. ನಿಮಗೆ ನೆನಪಾಗದಿದ್ದರೆ ಅಕ್ಕನನ್ನೋ ತಮ್ಮನನ್ನೋ ಕೇಳಿ. ನೆನಪಿಗೆ ಬಾರದ್ದನ್ನು ಮನುಷ್ಯ ಮತ್ತೆ ಮತ್ತೆ ಮಾಡಿ ತೋರಿಸುತ್ತಾನೆ ಅಂತ ಮನೋವಿಶ್ಲೇಷಣೆ ಶುರುಮಾಡಿದ ಫ್ರಾಯ್ಡ್ 1914ರಲ್ಲೇ ಬರೆದಿದ್ದ. ಹಾಗಂತ ಎಲ್ಲದಕ್ಕೂ ಅಪ್ಪ ಅಮ್ಮನನ್ನು ಎಳೆದು ತರಬೇಡಿ. ಕೆಲವು ಸಲ ಸುಮ್ನೆ ನಿದ್ದೆ ಸಾಲದೆಯೂ ಕೆಲಸ ಕೆಡುತ್ತದೆ.

ಸಿಕ್ಕ ಉತ್ತರ ಸರಿಯಾ ಅಂತ ನೋಡಲು, ಒಂದು ಚಿಕ್ಕ ಕೆಲಸವನ್ನು ಬೇಕಂತಲೇ ಎರಡು ದಿನ ಮುಂಚೆ ಮುಗಿಸಿ ಕಳಿಸಿ. ಆಮೇಲೆ ಏಳುವ ಭಯಕ್ಕೆ ಕಿವಿಕೊಡಿ, ಬೇರು ಅಲ್ಲೇ ಮಾತಾಡುತ್ತೆ.

ಕುಡಿತ, ಹೊಡೆಯುವ ಸಂಗಾತಿ, ಸಾಯುವ ಯೋಚನೆ ಇವೆಲ್ಲ ಬರೆದು ಬಿಡಿಸುವ ಗಂಟಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ನಾನು ಮೊನ್ನೆ ಒಂದು ಅರ್ಜಿ ಬೇಗ ಕಳಿಸಿದೆ. ಬಟನ್ ಒತ್ತಿದ ಮೇಲೆ ಅಂಗೈ ಬೆವರಿತ್ತು. ಈ ಸಲ ಸೋತರೆ ಸರ್ವರ್ ಮೇಲೆ ಹಾಕುವ ಹಾಗಿಲ್ಲ.